ಕಾನೂನಿಗೆ ಬಣ್ಣ ಕಾಣೋದಿಲ್ಲವಂತೆ!

ಅಮೆರಿಕಾದ ಕಾನೂನು ಪುಸ್ತಕಗಳನ್ನೆಲ್ಲ ಇವತ್ತು ತಿರುವಿ ಹಾಕಿ ನೋಡಿ. ಕಪ್ಪು ಮಗುವಿಗೆ ಔಷಧಿ ಕೊಡಬೇಡಿ ಅಂತ ಒಂದು ಸಾಲೂ ಸಿಗುವುದಿಲ್ಲ. ಮೂಲನಿವಾಸಿಯ ಮಗು ಆಸ್ಪತ್ರೆಯ ಹೊರಗೇ ನಿಲ್ಲಲಿ ಅಂತ ಎಲ್ಲೂ ಬರೆದಿಲ್ಲ. ಮೆಕ್ಸಿಕೊದಿಂದ ಬಂದು ತೋಟದಲ್ಲಿ ಟೊಮೇಟೊ ಕೀಳುವವಳ ಮಗುವಿಗೆ ಜ್ವರ ಬಂದರೆ ತಿರುಗಿ ನೋಡಬೇಡಿ ಅಂತಲೂ ಇಲ್ಲ. ಎಲ್ಲ ಮಕ್ಕಳೂ ನಮಗೆ ಒಂದೇ, ನಮ್ಮ ಕಾನೂನಿಗೆ ಬಣ್ಣ ಕಾಣೋದಿಲ್ಲ ಅಂತಾರೆ ದೊಡ್ಡವರು.

ಸರಿ. ಕಾನೂನಿಗೆ ಕಾಣದ ಬಣ್ಣ ಲೆಕ್ಕದಲ್ಲಿ ಮಾತ್ರ ಎದ್ದು ಕಾಣುತ್ತದಲ್ಲ, ಅದು ಹೇಗೆ?

ಆ ದೇಶದ ಜನಗಣತಿ ಇಲಾಖೆಯೇ ವರ್ಷವರ್ಷ ಲೆಕ್ಕ ತೆಗೆಯುತ್ತದೆ. 2019ರಲ್ಲಿ, ಅಂದರೆ ಕೋವಿಡ್ ಬರುವ ಮುಂಚೆ, ಆರೋಗ್ಯ ವಿಮೆ ಇಲ್ಲದ ಮಕ್ಕಳು ಸುಮಾರು 44 ಲಕ್ಷ. ಬಿಳಿಯರ ಮಕ್ಕಳಲ್ಲಿ ನೂರಕ್ಕೆ ಹೆಚ್ಚು ಕಡಿಮೆ ನಾಲ್ವರಿಗೆ ವಿಮೆ ಇರಲಿಲ್ಲ. ಸ್ಪ್ಯಾನಿಷ್ ಮಾತಾಡುವ ನೆಲಗಳಿಂದ ಬಂದ ಲ್ಯಾಟಿನೊ ಮನೆಗಳ ಮಕ್ಕಳಲ್ಲಿ ನೂರಕ್ಕೆ ಒಂಬತ್ತು. ಆ ನೆಲದ ಮೊದಲ ಒಡೆಯರಾದ ಮೂಲನಿವಾಸಿಗಳ ಮಕ್ಕಳಲ್ಲಿ ನೂರಕ್ಕೆ ಹದಿಮೂರರ ಆಸುಪಾಸು. ಆಮೇಲೆ ಅಂಕಿ ಇಳಿದಿದೆ, ಏರಿದೆ. ಯಾರ ಹಿಂದೆ ಯಾರು ಅನ್ನುವ ಸಾಲು ಮಾತ್ರ ಬದಲಾಗಿಲ್ಲ. ನೆಲ ಯಾರದೋ ಅವರ ಮಗು ಸಾಲಿನ ಕೊನೆಯಲ್ಲಿ!

ವಿಮೆ ಅಂದರೆ ನಮ್ಮ ಕಡೆ ಎಲ್‌ಐಸಿ ಏಜೆಂಟು ಹೇಳುವ ವಿಮೆ ಅಲ್ಲ. ಅಲ್ಲಿ ಅದು ಡಾಕ್ಟರ ಬಾಗಿಲಿನ ಬೀಗದಕೈ. ಸರಕಾರಿ ಆಸ್ಪತ್ರೆ ಅಲ್ಲೊಂದು ಇಲ್ಲೊಂದು. ಉಳಿದದ್ದೆಲ್ಲ ಬಿಲ್ಲು. ಕಾರ್ಡ್ ಇದ್ದರೆ ಮಗುವಿಗೆ ಚುಚ್ಚುಮದ್ದು, ಕಣ್ಣಿನ ಪರೀಕ್ಷೆ, ಉಬ್ಬಸಕ್ಕೆ ಔಷಧಿ. ಕಾರ್ಡ್ ಇಲ್ಲದಿದ್ದರೆ ತಾಯಿ ಕಾಯುತ್ತಾಳೆ. ಇವತ್ತು ಇಳಿಯಬಹುದು ಜ್ವರ, ನಾಳೆ ಇಳಿಯಬಹುದು ಅಂತ ಕಾಯುತ್ತಾಳೆ. ಆ ಕಾಯುವಿಕೆಯ ಹೆಸರೇ ಅಸಮಾನತೆ.

ಅಮೆರಿಕಾದ ಮಕ್ಕಳ ಚಿಂತೆ ನಿಮಗ್ಯಾಕ್ರಪ್ಪಾ ಅಂತ ಕೇಳುವವರಿದ್ದಾರೆ. ಕೇಳಲಿ. 1946ರಲ್ಲಿ ಬಾಬಾಸಾಹೇಬರು ಕಪ್ಪು ಜನರ ಹಿರಿಯ ವಿದ್ವಾಂಸ ಡು ಬೋಯಿಸ್ ಅವರಿಗೆ ಕಾಗದ ಬರೆದು, ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿದ್ದರು. ಅವರಿಗ್ಯಾಕೆ ಬೇಕಿತ್ತು ಆ ಚಿಂತೆ? 1972ರಲ್ಲಿ ಬೊಂಬಾಯಿಯ ಹುಡುಗರು ದಲಿತ ಪ್ಯಾಂಥರ್ಸ್ ಕಟ್ಟಿದಾಗ ಹೆಸರು ತಂದದ್ದು 1966ರಲ್ಲಿ ಓಕ್ಲೆಂಡಿನಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಾರ್ಟಿಯಿಂದ. ಆ ಪಾರ್ಟಿಯ ಪಟಗಳಲ್ಲಿ ಕರಿ ಕೋಟು ಕಾಣುತ್ತದೆ, ಕೈಯಲ್ಲಿ ಬಂದೂಕು ಕಾಣುತ್ತದೆ. ಪಟದಲ್ಲಿ ಕಾಣದ್ದು ಬೇರೆ ಇದೆ. 1969ರಿಂದ ಅವರು ಶಾಲೆಗೆ ಹೋಗುವ ಮಕ್ಕಳಿಗೆ ಬೆಳಗಿನ ಊಟ ಹಾಕಿದರು. ಊರೂರಲ್ಲಿ ಪುಕ್ಕಟೆ ದವಾಖಾನೆ ತೆರೆದರು. ಕಪ್ಪು ಮಕ್ಕಳನ್ನು ಹೆಚ್ಚಾಗಿ ಕಾಡುವ ಕುಡುಗೋಲು ಕಣದ ರಕ್ತರೋಗವನ್ನು ಸರಕಾರ ಕಣ್ಣೆತ್ತಿ ನೋಡದಿದ್ದಾಗ ಇವರು ಬೀದಿಯಲ್ಲಿ ನಿಂತು ರಕ್ತ ಪರೀಕ್ಷೆ ಮಾಡಿದರು. ಅದೇ 1972ರಲ್ಲಿ ತಮ್ಮ ಹತ್ತು ಬೇಡಿಕೆಗಳ ಪಟ್ಟಿ ತಿದ್ದಿ, ಕಪ್ಪು ಜನರಿಗೂ ತುಳಿತಕ್ಕೊಳಗಾದ ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಬೇಕು ಎಂದು ಸೇರಿಸಿದರು. ಹೆಸರಿನ ನಂಟು ಇರುವವರಿಗೆ ಈ ಜಗಳದ ನಂಟೂ ಇದೆ. ಅಷ್ಟೆ.

ಈಗ ವಿಷಯಕ್ಕೆ ಬರೋಣ.

ಬಡತನಕ್ಕೆ ಬಣ್ಣ ಬಳಿದವರು ಯಾರು?

ಬುದ್ಧಿವಂತರ ಮೊದಲ ವಾದ ಇದು: ಅದು ಬಣ್ಣದ ಪ್ರಶ್ನೆ ಅಲ್ಲ, ಬಡತನದ ಪ್ರಶ್ನೆ. ಕಪ್ಪು ಜನ, ಲ್ಯಾಟಿನೊ ಜನ ಬಡವರು, ಆದ್ದರಿಂದ ಅವರ ಮಕ್ಕಳಿಗೆ ವಿಮೆ ಕಡಿಮೆ. ಇಲ್ಲಿ ಬಣ್ಣ ಎಲ್ಲಿ ಬಂತು?

ನಾವು ಕೇಳುತ್ತೇವೆ: ಆ ಬಡತನ ಮಳೆಯ ಹಾಗೆ ಆಕಾಶದಿಂದ ಬಿತ್ತಾ? 1935ರಲ್ಲಿ ಅಮೆರಿಕಾ ತನ್ನ ದುಡಿಯುವ ಜನರಿಗೆ ಸಾಮಾಜಿಕ ಭದ್ರತೆಯ ಕಾನೂನು ಮಾಡಿತು. ಮುದಿತನದಲ್ಲಿ ಪಿಂಚಣಿ, ಕೆಲಸ ಹೋದರೆ ಭತ್ಯೆ. ಎಂಥ ಒಳ್ಳೆಯ ಕಾನೂನು! ಆದರೆ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತು. ಕಪ್ಪು ಜನರನ್ನು ಹೊರಗಿಡಿ ಅಂತ ಬರೆಯಲಿಲ್ಲ. ಬರೆಯಬೇಕಾಗಿಯೇ ಇರಲಿಲ್ಲ. ದಕ್ಷಿಣದ ಹತ್ತಿ ಹೊಲದಲ್ಲಿ ಬೆನ್ನು ಬಗ್ಗಿಸಿದವರು ಯಾರು, ಬಿಳಿಯರ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕಿದವರು ಯಾರು ಅಂತ ಪಾರ್ಲಿಮೆಂಟಿನಲ್ಲಿ ಕೂತವರಿಗೆ ಗೊತ್ತಿತ್ತು. ಕಸುಬಿನ ಹೆಸರು ಹೇಳಿದರೆ ಸಾಕು, ಬಣ್ಣ ತಾನಾಗಿ ಹೊರಗೆ ಬೀಳುತ್ತದೆ. ಈ ಕಲೆ ಗೊತ್ತಾಗಬೇಕಾದರೆ ನಮ್ಮ ಓದುಗರಿಗೆ ಹೆಚ್ಚು ವಿವರಣೆ ಬೇಕಿಲ್ಲ.

ಎರಡನೇ ಮಹಾಯುದ್ಧ ಬಂತು. 1942ರಲ್ಲಿ ಸರಕಾರ ಕೂಲಿ ಏರಿಸಬಾರದು ಅಂತ ಕಟ್ಟು ಹಾಕಿತು. ವಿಮೆಗೆ ಮಾತ್ರ ಕಟ್ಟು ಇಲ್ಲ. ಕಾರ್ಖಾನೆ ಮಾಲೀಕರು ಆಳು ಹಿಡಿಯಲು ವಿಮೆ ಕೊಡತೊಡಗಿದರು. ಮುಂದೆ 1954ರಲ್ಲಿ ಆ ವಿಮೆಗೆ ತೆರಿಗೆ ಇಲ್ಲ ಅಂತ ಕಾನೂನೇ ಆಯಿತು. ಹೀಗೆ ಮಗುವಿನ ಆರೋಗ್ಯವನ್ನು ಅಪ್ಪನ ಕೆಲಸದ ಬಾಲಕ್ಕೆ ಕಟ್ಟಿದರು. ಒಳ್ಳೆ ಕೆಲಸ ಬಿಳಿಯನಿಗೆ, ಆದ್ದರಿಂದ ಒಳ್ಳೆ ವಿಮೆ ಬಿಳಿಯನ ಮಗುವಿಗೆ. 1945ರಲ್ಲಿ ಅಧ್ಯಕ್ಷ ಟ್ರೂಮನ್ ಎಲ್ಲರಿಗೂ ಒಂದೇ ರಾಷ್ಟ್ರೀಯ ವಿಮೆ ಎಂದಾಗ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಎದೆ ಬಡಿದುಕೊಂಡಿತು. ಇದು ಸಮಾಜವಾದ, ದೇಶ ಹಾಳಾಗುತ್ತದೆ ಎಂದಿತು. ಅದೇ ಸಂಘದ ದಕ್ಷಿಣದ ಶಾಖೆಗಳು ಕಪ್ಪು ಡಾಕ್ಟರುಗಳನ್ನು ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಅದಕ್ಕೆ ಸಂಘ ಕ್ಷಮೆ ಕೇಳಿದ್ದು 2008ರಲ್ಲಿ. ಅಷ್ಟರಲ್ಲಿ ಎಷ್ಟು ತಲೆಮಾರಿನ ಮಕ್ಕಳು ಮುದುಕರಾಗಿದ್ದರು!

ಆ ಬಾಲ ಇವತ್ತಿಗೂ ಬಿಚ್ಚಿಲ್ಲ. ಬೆಂಗಳೂರಿನಿಂದ ಹೋದ ಇಂಜಿನಿಯರಿಗೆ ಕೆಲಸದ ಜೊತೆಗೇ ಕಂಪನಿಯ ವಿಮೆ, ಅವರ ಮಗುವಿಗೂ ವಿಮೆ. ರಾತ್ರಿ ಹತ್ತು ಗಂಟೆಯ ಮೇಲೆ ಬಂದು ಅದೇ ಕಟ್ಟಡದ ಕಕ್ಕಸು ತೊಳೆಯುವ ಹೆಂಗಸು ಯಾವನೋ ಗುತ್ತಿಗೆದಾರನ ಆಳು. ವಿಮೆ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಒಂದೇ ಕಟ್ಟಡ, ಎರಡು ಮಕ್ಕಳು. ಕಾನೂನಿಗೆ ಬಣ್ಣ ಕಾಣಲಿಲ್ಲ, ಕೆಲಸ ಮಾತ್ರ ಕಂಡಿತು!

ರಾಜ್ಯದ ಬಾಗಿಲು

1965ರಲ್ಲಿ ಬಡವರಿಗಾಗಿ ಮೆಡಿಕೇಡ್ ಬಂತು. ದೊಡ್ಡ ಗೆಲುವು, ಇಲ್ಲ ಅನ್ನುವುದಿಲ್ಲ. ಆದರೆ ಕೀಲಿ ಯಾರ ಕೈಗೆ ಕೊಟ್ಟರು? ರಾಜ್ಯಗಳ ಕೈಗೆ. ದುಡ್ಡಿನಲ್ಲಿ ದೊಡ್ಡ ಪಾಲು ಕೇಂದ್ರದ್ದು, ಸೇರುವುದು ಬಿಡುವುದು ರಾಜ್ಯದ ಇಷ್ಟ. ಅಲಬಾಮ ಮತ್ತು ಮಿಸಿಸಿಪ್ಪಿ ಸೇರಿದ್ದು 1970ರಲ್ಲಿ. ಮೂಲನಿವಾಸಿಗಳೂ ಮೆಕ್ಸಿಕೊ ಮೂಲದವರೂ ತುಂಬಿರುವ ಅರಿಜೋನ ಸೇರಿದ್ದು 1982ರಲ್ಲಿ, ಎಲ್ಲರಿಗಿಂತ ಕೊನೆಗೆ. ಹದಿನೇಳು ವರ್ಷ! 1965ರಲ್ಲಿ ಅಲ್ಲಿ ಹುಟ್ಟಿದ ಮಗು ಅಷ್ಟರಲ್ಲಿ ಹೈಸ್ಕೂಲು ಮುಗಿಸುವ ವಯಸ್ಸಿಗೆ ಬಂದಿತ್ತು.

2010ರಲ್ಲಿ ಒಬಾಮಾ ಕಾಲದ ಕಾನೂನು ಮೆಡಿಕೇಡನ್ನು ಬಡ ತಂದೆತಾಯಿಗಳಿಗೂ ಅಗಲಿಸಿತು. 2012ರಲ್ಲಿ ಸುಪ್ರೀಂ ಕೋರ್ಟು ಅದು ಕಡ್ಡಾಯ ಅಲ್ಲ, ರಾಜ್ಯಗಳ ಇಷ್ಟ ಎಂದಿತು. ಮತ್ತೆ ಅದೇ ಇಷ್ಟ! 2025 ಮುಗಿಯುವಾಗಲೂ ಹತ್ತು ರಾಜ್ಯಗಳು ಒಲ್ಲೆ ಅಂತಲೇ ಕೂತಿದ್ದವು. ಆ ಹತ್ತರಲ್ಲಿ ಏಳು ಯಾವುವು ಗೊತ್ತೆ? ಟೆಕ್ಸಾಸ್, ಫ್ಲಾರಿಡಾ, ಜಾರ್ಜಿಯಾ, ಅಲಬಾಮ, ಮಿಸಿಸಿಪ್ಪಿ, ದಕ್ಷಿಣ ಕ್ಯಾರೊಲಿನಾ, ಟೆನೆಸಿ. 1860-61ರಲ್ಲಿ ಗುಲಾಮಗಿರಿ ಉಳಿಸಿಕೊಳ್ಳುವುದಕ್ಕಾಗಿ ದೇಶ ಒಡೆದುಕೊಂಡು ಹೋದ ರಾಜ್ಯಗಳೇ ಇವು. ನಕ್ಷೆ ನೂರಾಅರವತ್ತು ವರ್ಷದಿಂದ ಮಡಚಿಟ್ಟಲ್ಲೇ ಇದೆ.

ಅದು ದೊಡ್ಡವರ ವಿಮೆ, ಮಕ್ಕಳಿಗೇನು ಅನ್ನಬೇಡಿ. ಅಪ್ಪ ಅಮ್ಮನಿಗೆ ಕಾರ್ಡ್ ಸಿಕ್ಕ ಮನೆಯಲ್ಲಿ ಮಗುವಿನ ಹೆಸರೂ ಬರೆಸುತ್ತಾರೆ. ಅವರಿಗೇ ಇಲ್ಲದ ಮನೆಯಲ್ಲಿ ಮಗುವಿಗೆ ಹಕ್ಕಿದೆ ಎನ್ನುವುದೇ ಎಷ್ಟೋ ಸಲ ಗೊತ್ತಾಗುವುದಿಲ್ಲ. ಟೆಕ್ಸಾಸಿನಲ್ಲಿ ತಾಯಿಯೊಬ್ಬಳು ಮೆಡಿಕೇಡ್ ಪಡೆಯಬೇಕಾದರೆ ಆ ಮನೆಯ ಆದಾಯ ಬಡತನ ರೇಖೆಯ ಐದನೇ ಒಂದು ಭಾಗಕ್ಕಿಂತ ಕಡಿಮೆ ಇರಬೇಕು. ಬಡವಳಾಗಿದ್ದರೆ ಸಾಲದು, ಬಡವರಲ್ಲೇ ಬಡವಳಾಗಿರಬೇಕು. 2019ರಲ್ಲಿ ಇಡೀ ದೇಶದ ವಿಮೆಯಿಲ್ಲದ ಮಕ್ಕಳಲ್ಲಿ ಐದರಲ್ಲಿ ಒಂದಕ್ಕಿಂತ ಹೆಚ್ಚು ಪಾಲು ಈ ಒಂದೇ ರಾಜ್ಯದ್ದು. ಹತ್ತಿರ ಹತ್ತಿರ 10 ಲಕ್ಷ ಮಕ್ಕಳು. ಅತ್ತ ಮ್ಯಾಸಚೂಸೆಟ್ಸ್‌ನಲ್ಲಿ ನೂರಕ್ಕೆ ಇಬ್ಬರೂ ಇಲ್ಲ. ಅದೇ ಬಾವುಟ, ಅದೇ ಸಂವಿಧಾನ.

ಕಾಗದದ ಬಾಗಿಲು

ಹಾಸ್ಟೆಲಿನ ಗೆಳೆಯರಿಗೆ ಈ ಬಾಗಿಲಿನ ಪರಿಚಯ ಮಾಡಿಸಬೇಕಿಲ್ಲ. ಆದಾಯದ ಸರ್ಟಿಫಿಕೇಟು ತಾ, ಹೋದ ವರ್ಷದ್ದು ನಡೆಯಲ್ಲ, ಸೀಲು ಸರಿ ಬಿದ್ದಿಲ್ಲ, ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ, ನಾಳೆ ಬಾ. ಅಮೆರಿಕಾದ ತಾಯಿಯರೂ ಇದನ್ನೇ ಕೇಳುತ್ತಾರೆ, ಇಂಗ್ಲಿಷಿನಲ್ಲಿ.

2007ರ ಫೆಬ್ರವರಿಯಲ್ಲಿ ಮೇರಿಲ್ಯಾಂಡ್ ರಾಜ್ಯದಲ್ಲಿ ಹನ್ನೆರಡು ವರ್ಷದ ಒಬ್ಬ ಕಪ್ಪು ಹುಡುಗ ಸತ್ತ. ಏನು ಕಾಯಿಲೆ? ಹಲ್ಲುನೋವು. ಹುಳುಕು ಹಲ್ಲಿನ ಕೀವು ಮಿದುಳಿಗೆ ಏರಿತು. ಆ ಹಲ್ಲು ಕೀಳಲು ಬೇಕಿದ್ದದ್ದು 80 ಡಾಲರು. ಮೆಡಿಕೇಡ್ ರೋಗಿಗಳನ್ನು ನೋಡುವ ದಂತವೈದ್ಯರೇ ಸಿಗುವುದು ಕಷ್ಟ. ಅದರ ಮೇಲೆ ಆ ಕುಟುಂಬದ ಮೆಡಿಕೇಡ್ ಕಡಿದುಹೋಗಿತ್ತು. ಅವರು ಮನೆಯಿಲ್ಲದೆ ಆಶ್ರಯತಾಣದಲ್ಲಿದ್ದವರು, ಅಲ್ಲಿಂದಲೂ ಬಿಟ್ಟು ಬಂದಿದ್ದರು. ನವೀಕರಣದ ಕಾಗದ ಆ ಹಳೆ ವಿಳಾಸಕ್ಕೆ ಹೋಗಿರಬೇಕು ಎಂದು ಆಗಿನ ಪತ್ರಿಕೆಗಳು ಬರೆದವು. ಎರಡು ಸಲ ತಲೆಬುರುಡೆ ತೆರೆದು ಆಪರೇಷನ್ ಮಾಡಿದರು. ಆಸ್ಪತ್ರೆ ಖರ್ಚು ಎರಡೂವರೆ ಲಕ್ಷ ಡಾಲರಿನಷ್ಟು. 80 ಡಾಲರು ಇಲ್ಲದ ವ್ಯವಸ್ಥೆಗೆ ಎರಡೂವರೆ ಲಕ್ಷ ಎಲ್ಲಿಂದ ಬಂತು? ಹುಡುಗ ಉಳಿಯಲಿಲ್ಲ.

ಇನ್ನೊಂದು ಹಲ್ಲಿನ ಕಥೆ ಇದಕ್ಕೆ ಸೇರಿಸಿ ಓದಿಕೊಳ್ಳಿ. 1962ರಲ್ಲಿ ಉತ್ತರ ಕ್ಯಾರೊಲಿನಾದ ಗ್ರೀನ್ಸ್‌ಬೊರೊ ಊರಿನಲ್ಲಿ ಜಾರ್ಜ್ ಸಿಮ್ಕಿನ್ಸ್ ಎಂಬ ಕಪ್ಪು ದಂತವೈದ್ಯರಿದ್ದರು. ಹಲ್ಲಿನ ಕೀವಿನಿಂದ ಜ್ವರ ಏರಿದ್ದ ಅವರ ರೋಗಿಯನ್ನು ಬಿಳಿಯರ ಆಸ್ಪತ್ರೆ ಸೇರಿಸಿಕೊಳ್ಳಲಿಲ್ಲ. ಆ ಆಸ್ಪತ್ರೆ ಸರಕಾರದ ದುಡ್ಡು ತಿಂದಿತ್ತು. 1946ರ ಆಸ್ಪತ್ರೆ ಕಟ್ಟುವ ಕಾನೂನೇ ಬಿಳಿಯರಿಗೊಂದು ಕರಿಯರಿಗೊಂದು ಕಟ್ಟಿಕೊಳ್ಳಿ ಅಂತ ಒಪ್ಪಿಗೆ ಕೊಟ್ಟಿತ್ತು. ಸಿಮ್ಕಿನ್ಸ್ ಸಂಗಡಿಗರೊಂದಿಗೆ ಕೋರ್ಟಿಗೆ ಹೋದರು, 1963ರಲ್ಲಿ ಗೆದ್ದರು. ಆ ಬಾಗಿಲು ಒಡೆಯಿತು. 44 ವರ್ಷದ ಮೇಲೆ ಇನ್ನೊಂದು ಹಲ್ಲು ಕೀವಾಯಿತು. ಈ ಸಲ ಬಾಗಿಲಲ್ಲಿ ಬಿಳಿಯರಿಗೆ ಮಾತ್ರ ಅನ್ನುವ ಬೋರ್ಡ್ ಇರಲಿಲ್ಲ, ಒಂದು ಫಾರಂ ಇತ್ತು.

ಕೋವಿಡ್ ಬಂದಾಗ, 2020ರ ಮಾರ್ಚಿನಲ್ಲಿ, ಯಾರನ್ನೂ ಮೆಡಿಕೇಡಿನಿಂದ ತೆಗೆಯಬಾರದು ಅಂತ ಷರತ್ತು ಹಾಕಿದರು. ಮೂರು ವರ್ಷ ಕಾಗದ ಕೇಳಲಿಲ್ಲ. ಆಕಾಶ ಕಳಚಿ ಬಿತ್ತೇ? ಇಲ್ಲ, ವಿಮೆಯಿಲ್ಲದ ಮಕ್ಕಳು ಕಡಿಮೆಯಾದರು. 2023ರ ಏಪ್ರಿಲಿನಿಂದ ಮತ್ತೆ ಕಾಗದ ಶುರು. ಎರಡೂವರೆ ಕೋಟಿಗೂ ಮೇಲ್ಪಟ್ಟು ಜನರನ್ನು ಪಟ್ಟಿಯಿಂದ ಹೊಡೆದುಹಾಕಿದರು. ಅದರಲ್ಲಿ ಹತ್ತರಲ್ಲಿ ಏಳು ಜನರನ್ನು ತೆಗೆದದ್ದು ಅವರಿಗೆ ಅರ್ಹತೆ ಇಲ್ಲ ಅಂತ ಅಲ್ಲ, ಕಾಗದ ಮುಟ್ಟಲಿಲ್ಲ, ಫಾರಂ ವಾಪಸು ಬರಲಿಲ್ಲ, ಹೀಗೆ. ಟೆಕ್ಸಾಸ್ ಒಂದರಲ್ಲೇ ಮೆಡಿಕೇಡ್ ಪಟ್ಟಿಯಲ್ಲಿದ್ದ ಮಕ್ಕಳ ಸಂಖ್ಯೆ 10 ಲಕ್ಷಕ್ಕೂ ಹೆಚ್ಚು ಕುಸಿಯಿತು. ಕಪ್ಪು, ಲ್ಯಾಟಿನೊ, ಮೂಲನಿವಾಸಿ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇದೇ ಮೆಡಿಕೇಡ್ ಮತ್ತು ಚಿಪ್ ಯೋಜನೆಯ ಆಸರೆಯಲ್ಲಿದ್ದಾರೆ. ಆ ಹಗ್ಗ ಕತ್ತರಿಸಿದರೆ ಯಾರು ಬೀಳುತ್ತಾರೆ ಅಂತ ಲೆಕ್ಕ ಹಾಕಲು ಬಿ.ಎ. ಓದಬೇಕೆ?

ಭಯದ ಬಾಗಿಲು

1996ರಲ್ಲಿ ಒಂದು ಕಾನೂನು ಬಂತು. ಕಾಗದಪತ್ರ ಸರಿಯಿಟ್ಟುಕೊಂಡು ಕಾನೂನುಬದ್ಧವಾಗಿ ಬಂದವರೂ ಸಾಮಾನ್ಯವಾಗಿ ಐದು ವರ್ಷ ಮೆಡಿಕೇಡ್ ಕೇಳುವಂತಿಲ್ಲ. ಮಕ್ಕಳೂ ಅಷ್ಟೆ. ಮೂರು ವರ್ಷದ ಮಗು ಎಂಟು ವರ್ಷದವರೆಗೆ ಕಾಯಿಲೆ ಬೀಳದೆ ಇರಬೇಕು! 2009ರಲ್ಲಷ್ಟೆ, ಬೇಕಾದರೆ ಮಕ್ಕಳಿಗೆ ಈ ಕಾಯುವಿಕೆ ತೆಗೆಯಿರಿ ಅಂತ ರಾಜ್ಯಗಳಿಗೆ ಅವಕಾಶ ಕೊಟ್ಟರು. ಕಾಗದಪತ್ರ ಇಲ್ಲದ ಮಗುವಿಗೆ ಕೇಂದ್ರದ ಲೆಕ್ಕದಲ್ಲಿ ಬಾಗಿಲೇ ಇಲ್ಲ.

ಇನ್ನು ಅಲ್ಲೇ ಹುಟ್ಟಿ ಅಲ್ಲಿನ ಪ್ರಜೆಗಳಾದ ಮಕ್ಕಳು. ವಲಸೆ ಬಂದವರ ಮಕ್ಕಳಲ್ಲಿ ಬಹುಪಾಲು ಅವರೇ. ಅವರಿಗೆ ಪೂರ್ತಿ ಹಕ್ಕಿದೆ. ಹಕ್ಕಿದ್ದರೆ ಸಾಕೇ? 2019ರಲ್ಲಿ ಟ್ರಂಪ್ ಸರಕಾರ, ಮೆಡಿಕೇಡ್‌ನಂಥ ಸಹಾಯ ಪಡೆದವರಿಗೆ ಹಸಿರು ಕಾರ್ಡ್ ಕೊಡುವಾಗ ಅದನ್ನು ಕಳಂಕವಾಗಿ ಎಣಿಸುವ ನಿಯಮ ಹೊರಡಿಸಿತು. ಮಕ್ಕಳು ಪಡೆದ ಮೆಡಿಕೇಡ್ ಅದರೊಳಗೆ ಬರುತ್ತಿರಲಿಲ್ಲ. ಆದರೆ ಭಯಕ್ಕೆ ಉಪನಿಯಮ ಓದುವ ಪುರುಸೊತ್ತು ಇರುತ್ತದೆಯೇ? ತಾಯಂದಿರು ಮಕ್ಕಳ ಹೆಸರು ತಾವೇ ಹೊಡೆಸಿಕೊಂಡರು. 2021ರಲ್ಲಿ ನಿಯಮ ಹೋಯಿತು, ಭಯ ಹೋಗಲಿಲ್ಲ. 2025ರ ಜೂನಿನಲ್ಲಿ ಮೆಡಿಕೇಡ್ ಪಡೆದವರ ವಿವರಗಳನ್ನು, ವಲಸಿಗರನ್ನು ಹಿಡಿದು ಗಡೀಪಾರು ಮಾಡುವ ಇಲಾಖೆಗೆ ದಾಟಿಸಿದರು. ರಾಜ್ಯಗಳು ಕೋರ್ಟಿಗೆ ಓಡಿದವು. ಯೋಚಿಸಿ: ಆಸ್ಪತ್ರೆಯ ರಿಜಿಸ್ಟರು ಪೊಲೀಸರ ಮೇಜಿನ ಮೇಲೆ! ಇನ್ನು ಯಾವ ತಾಯಿ ಮಗುವಿನ ಹೆಸರು ಬರೆಸುತ್ತಾಳೆ?

ಇದಕ್ಕೆ ಅವರು ಇಟ್ಟ ಹೆಸರು ನೋಡಿ: ಅರ್ಹತೆ ಇದ್ದೂ ನೋಂದಾಯಿಸದವರು. ಅಂದರೆ ತಪ್ಪು ತಾಯಿಯದು. ನಾಯಿ ಕಟ್ಟಿ, ಬಾಗಿಲು ತೆರೆದೇ ಇತ್ತು, ಅವಳೇ ಬರಲಿಲ್ಲ ಅನ್ನುವವರ ಮಾತು ಇದು.

ಒಪ್ಪಂದದ ಬಾಗಿಲು

ಮೂಲನಿವಾಸಿಗಳ ಕಥೆ ಇನ್ನೂ ಬೇರೆ. ಅವರು ಯಾರ ಹತ್ತಿರವೂ ಭಿಕ್ಷೆ ಬೇಡುತ್ತಿಲ್ಲ. ನೆಲ ಕೊಟ್ಟರು, ಬದಲಿಗೆ ಒಪ್ಪಂದಗಳಲ್ಲಿ ಸರಕಾರ ಕೊಟ್ಟ ಮಾತುಗಳಲ್ಲಿ ವೈದ್ಯವೂ ಒಂದು. ಮುಂಗಡವಾಗಿ ಬೆಲೆ ತೆತ್ತವರು ಅವರು. ಆ ಮಾತು ನಡೆಸುವುದಕ್ಕೆ ಇಂಡಿಯನ್ ಹೆಲ್ತ್ ಸರ್ವಿಸ್ ಎಂಬ ಇಲಾಖೆ 1955ರಿಂದ ಇದೆ. ಅದು ವಿಮೆಯಲ್ಲ. ಜನಗಣತಿಯವರೂ ಅದನ್ನು ವಿಮೆ ಅಂತ ಎಣಿಸುವುದಿಲ್ಲ. ಬುಡಕಟ್ಟಿನ ನೆಲ ಬಿಟ್ಟು ಪಟ್ಟಣಕ್ಕೆ ಹೋದ ಮಗುವಿಗೆ ಅದು ಸಿಗುವುದೇ ಕಷ್ಟ. ಸಿಕ್ಕವರಿಗಾದರೂ ಎಷ್ಟು? 2017ರ ಸರಕಾರಿ ಲೆಕ್ಕದಲ್ಲೇ ಈ ಇಲಾಖೆ ತಲೆಗೆ ಖರ್ಚು ಮಾಡಿದ್ದು 4,078 ಡಾಲರು. ಬಡವರ ಯೋಜನೆ ಅಂತ ಮೂಗು ಮುರಿಯುವ ಮೆಡಿಕೇಡಿನಲ್ಲಿ 8,109 ಡಾಲರು. ಬಡವರಿಗೆ ಕೊಡುವುದರಲ್ಲಿ ಅರ್ಧ, ನೆಲದ ಒಡೆಯರಿಗೆ!

ಎಮರ್ಜೆನ್ಸಿ ಇದೆಯಲ್ಲ ಅಂತಾರೆ

ಇದು ಅವರ ಕೊನೆಯ ವಾದ. 1986ರ ಕಾನೂನಿನ ಪ್ರಕಾರ ತುರ್ತು ವಾರ್ಡಿಗೆ ಬಂದ ಯಾರನ್ನೂ ದುಡ್ಡಿಲ್ಲ ಅಂತ ಪರೀಕ್ಷೆ ಮಾಡದೆ ಕಳಿಸುವಂತಿಲ್ಲ. ನಿಜ. ಆದರೆ ಬಿಲ್ಲು ಹಿಂದೆಯೇ ಮನೆಗೆ ಬರುತ್ತದೆ. ಮತ್ತೆ ತುರ್ತು ವಾರ್ಡು ಉಬ್ಬಸದ ಮಗುವಿಗೆ ದಿನದಿನದ ಔಷಧಿ ಕೊಡುತ್ತದೆಯೇ? ಕಿವಿ ಕೇಳಿಸುತ್ತಿಲ್ಲ, ಅದಕ್ಕೇ ಕ್ಲಾಸಿನಲ್ಲಿ ಹಿಂದೆ ಬಿದ್ದಿದ್ದಾನೆ ಅಂತ ಕಂಡುಹಿಡಿಯುತ್ತದೆಯೇ? ಹುಳುಕು ಹಲ್ಲು ಕೀಳುತ್ತದೆಯೇ? ಸಾಯುವ ಹೊತ್ತಿಗೆ ಬಾ, ನೋಡೋಣ ಅನ್ನುವುದು ಆರೋಗ್ಯ ವ್ಯವಸ್ಥೆ ಅಲ್ಲ. ಮೇರಿಲ್ಯಾಂಡಿನ ಹುಡುಗನೂ ತುರ್ತು ಚಿಕಿತ್ಸೆಯವರೆಗೆ ತಲುಪಿದ್ದ.

ಕಟ್ಟಿದ ಗೋಡೆ, ಕೆಡವಬಹುದು

ಗೆಳೆಯರೇ, ನಾವು ಇಷ್ಟೆಲ್ಲ ಹೇಳಿದ್ದು ಅಳುವುದಕ್ಕಲ್ಲ. ಈ ಅಂತರ ಕಾನೂನು ಹುಟ್ಟಿಸಿದ್ದು. ಕಾನೂನು ಹುಟ್ಟಿಸಿದ್ದನ್ನು ಕಾನೂನೇ ಅಳಿಸಬಹುದು. ಬಾಯಿಮಾತಲ್ಲ, ಸಾಕ್ಷಿ ಇದೆ.

ಒಂದು. 1966ರ ಜುಲೈನಲ್ಲಿ ಮುದುಕರ ವಿಮೆಯಾದ ಮೆಡಿಕೇರ್ ಶುರುವಾಯಿತು. ಬಣ್ಣ ನೋಡುವ ಆಸ್ಪತ್ರೆಗೆ ಒಂದು ಡಾಲರೂ ಇಲ್ಲ ಅಂದರು. ಶತಮಾನದ ಸಂಪ್ರದಾಯ, ಬದಲಾಗಲು ಕಾಲ ಬೇಕು ಅನ್ನುತ್ತಿದ್ದ ಆಸ್ಪತ್ರೆಗಳು ಕೆಲವೇ ತಿಂಗಳಲ್ಲಿ ಸಾವಿರದ ಲೆಕ್ಕದಲ್ಲಿ ಬಾಗಿಲು ತೆರೆದವು. ಮಿಸಿಸಿಪ್ಪಿಯಲ್ಲಿ ಭೇದಿಯಿಂದ, ನ್ಯುಮೋನಿಯಾದಿಂದ ಸಾಯುತ್ತಿದ್ದ ಕಪ್ಪು ಹಸುಗೂಸುಗಳ ಸಾವು ಆ ಕೆಲವು ವರ್ಷಗಳಲ್ಲೇ ತಟ್ಟನೆ ಇಳಿಯಿತು. ಮನಸ್ಸು ಬದಲಾಗಲಿ ಅಂತ ಕಾದಿದ್ದರೆ ಆ ಕೂಸುಗಳು ಇರುತ್ತಿರಲಿಲ್ಲ.

ಎರಡು. 1990ರಲ್ಲಿ ಮೆಡಿಕೇಡನ್ನು ಬಡ ಮಕ್ಕಳಿಗೆ ಹದಿನೆಂಟು ವರ್ಷದವರೆಗೆ ಹಿಗ್ಗಿಸಿದರು. ಒಂದು ಗೆರೆ ಎಳೆದರು: 1983ರ ಸೆಪ್ಟೆಂಬರ್ 30ರ ನಂತರ ಹುಟ್ಟಿದವರಿಗೆ ಮಾತ್ರ. ಸೆಪ್ಟೆಂಬರಿನಲ್ಲಿ ಹುಟ್ಟಿದ ಹುಡುಗಿ ಹೊರಗೆ, ಅಕ್ಟೋಬರಿನಲ್ಲಿ ಹುಟ್ಟಿದ ಪಕ್ಕದ ಮನೆಯ ಹುಡುಗಿ ಒಳಗೆ. ಸಂಶೋಧಕರು ಆ ಗೆರೆಯ ಆಚೀಚೆ ಹುಟ್ಟಿದವರನ್ನು ಹೋಲಿಸಿ ನೋಡಿದರು. ಗೆರೆಯ ಒಳಗಿದ್ದ ಕಪ್ಪು ಮಕ್ಕಳಲ್ಲಿ ಹದಿಹರೆಯದಲ್ಲಿ ಕಾಯಿಲೆಯಿಂದ ಸಾಯುವವರು ಕಡಿಮೆಯಾಗಿದ್ದರು. ಕ್ಯಾಲೆಂಡರಿನ ಒಂದು ಗೆರೆ, ಅದರ ಮೇಲೆ ಜೀವ!

ಮೂರು. 1997ರಲ್ಲಿ ಚಿಪ್ ಬಂತು. ಮೆಡಿಕೇಡಿಗೆ ಮೇಲಿನವರು, ಖಾಸಗಿ ವಿಮೆಗೆ ಕೆಳಗಿನವರು, ಅಂಥವರ ಮಕ್ಕಳಿಗೆ. ಆಗ ಸುಮಾರು ಒಂದು ಕೋಟಿ ಮಕ್ಕಳಿಗೆ ವಿಮೆ ಇರಲಿಲ್ಲ. 2016ರ ಹೊತ್ತಿಗೆ ನೂರಕ್ಕೆ ಐವರಿಗಿಂತ ಕಡಿಮೆ. ಕಪ್ಪು ಮಕ್ಕಳ ಲೆಕ್ಕ ಬಿಳಿಯ ಮಕ್ಕಳ ಲೆಕ್ಕದ ಹತ್ತಿರಕ್ಕೆ ಬಂದಿತು. ಮಾಲೀಕರು ದಯೆ ತೋರಿದರೆಂದಲ್ಲ, ಸಾರ್ವಜನಿಕ ಹಣ ಬಂದದ್ದರಿಂದ. ಅದೇ ವರ್ಷದ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾ ತನ್ನ ಖಜಾನೆಯಿಂದಲೇ, ಕಾಗದಪತ್ರ ಇರಲಿ ಬಿಡಲಿ, ಎಲ್ಲ ಬಡ ಮಕ್ಕಳಿಗೂ ಮೆಡಿಕೇಡ್ ತೆರೆಯಿತು. ಮಗುವಿಗೆ ಪಾಸ್‌ಪೋರ್ಟ್ ಕೇಳಲಿಲ್ಲ, ಜ್ವರ ಇದೆಯಾ ಅಂತ ಕೇಳಿತು.

ಹಾಗಾದರೆ ಗೊತ್ತಿದ್ದೂ ಯಾಕೆ ಹಿಂದಕ್ಕೆ ಹೋಗುತ್ತಾರೆ? 2007ರಲ್ಲಿ ಚಿಪ್ ಹಿಗ್ಗಿಸುವ ಮಸೂದೆಗೆ ಬುಷ್ ಎರಡು ಸಲ ತಡೆ ಒತ್ತಿದರು. 2017ರ ಸೆಪ್ಟೆಂಬರ್ 30ಕ್ಕೆ ಚಿಪ್‌ನ ಹಣ ನಿಂತಿತು. ಮತ್ತೆ ಮಂಜೂರಾದದ್ದು 2018ರ ಜನವರಿ 22ಕ್ಕೆ. 114 ದಿನ! ಪಾರ್ಲಿಮೆಂಟಿಗೆ ಪುರುಸೊತ್ತು ಇರಲಿಲ್ಲವೇ? ಇತ್ತು. ಆ ನಡುವೆಯೇ, ಡಿಸೆಂಬರಿನಲ್ಲಿ, ಕಂಪನಿಗಳಿಗೂ ಶ್ರೀಮಂತರಿಗೂ ತೆರಿಗೆ ಇಳಿಸುವ ಕಾನೂನು ಪಾಸಾಯಿತು. 2025ರ ಜುಲೈ 4ರಂದು, ಅವರ ಸ್ವಾತಂತ್ರ್ಯ ದಿನದಂದೇ, ಟ್ರಂಪ್ ಸಹಿ ಹಾಕಿದ ಕಾನೂನು ಆ ತೆರಿಗೆ ರಿಯಾಯಿತಿಗಳನ್ನು ಮುಂದುವರಿಸಿತು, ಮತ್ತು ಹತ್ತು ವರ್ಷದಲ್ಲಿ ಮೆಡಿಕೇಡಿಗೆ ಹೋಗುವ ಕೇಂದ್ರದ ಹಣದಲ್ಲಿ 90,000 ಕೋಟಿ ಡಾಲರಿಗೂ ಹೆಚ್ಚು ಕಡಿಯಲು ದಾರಿ ಮಾಡಿತು. 2034ರ ಹೊತ್ತಿಗೆ ವಿಮೆ ಇಲ್ಲದವರು ಇನ್ನೂ ಒಂದು ಕೋಟಿ ಹೆಚ್ಚುತ್ತಾರೆ ಅಂತ ಅವರ ಪಾರ್ಲಿಮೆಂಟಿನ ಬಜೆಟ್ ಕಚೇರಿಯೇ ಲೆಕ್ಕ ಕೊಟ್ಟಿದೆ. ಚಿಕ್ಕ ಮಕ್ಕಳಿಗೆ ವರ್ಷವರ್ಷ ಕಾಗದ ಕೇಳದೆ ಆರು ವರ್ಷದವರೆಗೆ ಮೆಡಿಕೇಡ್ ಮುಂದುವರಿಸುವ ಆರೆಗಾನ್‌ನಂಥ ರಾಜ್ಯಗಳ ಪ್ರಯೋಗಕ್ಕೂ, ಇನ್ನು ಮುಂದೆ ನವೀಕರಣವಿಲ್ಲ ಅಂತ ಅದೇ ತಿಂಗಳು ಹೇಳಿದರು. 2022ರಲ್ಲಿ ನೂರಕ್ಕೆ ಐವರಷ್ಟಿದ್ದ ವಿಮೆಯಿಲ್ಲದ ಮಕ್ಕಳು 2024ಕ್ಕೇ ಆರಕ್ಕೆ ಏರಿದ್ದರು. ಇನ್ನು ಮುಂದಿನದು?

ಈ ಕಾನೂನಿನಲ್ಲೂ ಬಣ್ಣದ ಹೆಸರಿಲ್ಲ. ಹುಡುಕಿ ನೋಡಿ, ಸಿಗುವುದಿಲ್ಲ!

ಅದಕ್ಕೇ ನಾವು ಹೇಳುತ್ತೇವೆ: ಕಾನೂನು ಏನು ಹೇಳುತ್ತದೆ ಅಂತ ಕೇಳುವುದನ್ನು ಬಿಡಿ. ಯಾರ ಮಗು ಹೊರಗೆ ನಿಂತಿದೆ ಅಂತ ಕೇಳಿ. ಯಾವ ಯೋಜನೆಯಾದರೂ ಮೂರು ಪ್ರಶ್ನೆ ಸಾಕು. ಕಾಗದ ತರಬೇಕಾದವರು ಯಾರು? ಆ ಕಾಗದ ಯಾವ ವಿಳಾಸಕ್ಕೆ ಹೋಗುತ್ತದೆ? ಬಾಗಿಲಲ್ಲಿ ಯಾರನ್ನು ನಿಲ್ಲಿಸಿದ್ದಾರೆ? ಉತ್ತರ ಸಿಕ್ಕಿದರೆ ಬಣ್ಣ ತಾನಾಗಿ ಕಾಣುತ್ತದೆ.

ಮಗುವಿನ ಆರೋಗ್ಯ ಅಪ್ಪನ ಮಾಲೀಕನ ಕೃಪೆಯಲ್ಲಿರಬಾರದು. ರಾಜ್ಯದ ಇಷ್ಟದಲ್ಲಿರಬಾರದು. ತಾಯಿಯ ವೀಸಾದಲ್ಲಿ ಇರಬಾರದು. ಅಂಚೆಯವನ ಚೀಲದಲ್ಲಿ ಇರಬಾರದು. ಹುಟ್ಟಿದ ದಿನ ಹೆಸರಿಡುವ ಮುಂಚೆ ಕಾರ್ಡ್ ಕೊಡಿ, ದೊಡ್ಡವನಾಗುವವರೆಗೂ ಕೇಳಬೇಡಿ. ಅರವತ್ತೈದು ದಾಟಿದ ಮುದುಕರಿಗೆ 1966ರಿಂದ ಇದನ್ನು ಕೊಡುತ್ತಿರುವ ದೇಶಕ್ಕೆ ಆರು ವರ್ಷದ ಮಗುವಿಗೆ ಕೊಡಲು ಆಗುವುದಿಲ್ಲ ಎಂದರೆ, ಆಗುವುದಿಲ್ಲ ಅಂತಲ್ಲ, ಮನಸ್ಸಿಲ್ಲ.

ಈ ಹಾಳೆ ಓದಿ ದಿಂಬಿನ ಕೆಳಗೆ ಇಡಬೇಡಿ. ಪಕ್ಕದ ರೂಮಿಗೆ ಕೊಡಿ. ರಾತ್ರಿ ಊಟವಾದ ಮೇಲೆ ಕೂತು ಜಗಳವಾಡಿ. ಬಣ್ಣ ಕಾಣದ ಕಾನೂನನ್ನು ಹೊಗಳುವ ಮೇಷ್ಟರು ಸಿಕ್ಕರೆ ಎದ್ದು ನಿಂತು ಕೇಳಿ: ಸಾರ್, ಆ ಹಲ್ಲಿಗೆ 80 ಡಾಲರು ಯಾಕಿರಲಿಲ್ಲ?

ಹಸಿದ ಮಗುವಿಗೆ ಬಣ್ಣವಿಲ್ಲ
ಜ್ವರಕ್ಕೆ ಗಡಿಯಿಲ್ಲ
ಬಣ್ಣವೂ ಗಡಿಯೂ ಇರುವುದು
ಬಾಗಿಲಿಗೆ ಮಾತ್ರ
ಬಾಗಿಲು ಒಡೆಯಿರಿ!